ಮಳೆಗಾಲದ ತರಕಾರಿಯೂ ಮಳೆಮರೆಯ ಇತಿಹಾಸವೂ

ಚರಿತ್ರೆಯೆಂದೊಡನೆ ಅರಸರ ಆಳ್ವಿಕೆ, ಕೋಟೆಕೊತ್ತಲ, ಶಿಲಾಶಾಸನ, ದೇವಾಲಯ ಇವು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಗಡಿನಾಡಿನ ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಕುಂಬಳೆಯ ಅರಸರನ್ನೂ ಬೇಕಲದ ಕೋಟೆಯನ್ನೂ ಮಂಜೇಶ್ವರದ ಗೋವಿಂದ ಪೈಗಳನ್ನೂ ಕುರಿತು ಬರಹಗಳು ಬರುವುದು ಸಹಜವೂ ಹೌದು, ಅವಶ್ಯವೂ ಹೌದು. ಆದರೆ ಅರಸನ ಅರಮನೆಗೆ ಇರುವಂತೆಯೇ ಒಕ್ಕಲಿನ ಅಡುಗೆಮನೆಗೂ ಒಂದು ಚರಿತ್ರೆಯುಂಟು. ಅದನ್ನು ಬರೆದಿಟ್ಟವರು ಕಡಮೆ. ಪ್ರಕೃತ ಲೇಖನದ ವಿಷಯ ಆ ಚರಿತ್ರೆಯ ಒಂದು ಸಣ್ಣ ಅಧ್ಯಾಯ: ಜಡಿಮಳೆಯ ನಾಡಿನಲ್ಲಿ ಟೊಮೆಟೊ ಮೊದಲಾದ ತರಕಾರಿಗಳನ್ನು ಮಾಡಿನ ಕೆಳಗೆ ಬೆಳೆಯುವ ವಿದ್ಯೆ ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ನಮ್ಮಲ್ಲಿಗೆ ಯಾವ ರೂಪದಲ್ಲಿ ಬಂದಿತು ಎಂಬುದು.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೩,೫೦೦ ಮಿಲಿಮೀಟರ್, ಹಳೆಯ ಲೆಕ್ಕದಂತೆ ಸುಮಾರು ೧೩೮ ಅಂಗುಲ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿದುಹೋಗುತ್ತದೆ. ಲಂಡನ್ ನಗರದಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರ್. ನಮ್ಮಲ್ಲಿ ಜುಲೈ ತಿಂಗಳೊಂದರಲ್ಲಿಯೇ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಮಳೆಯಾಗುತ್ತದೆ. ಈ ಒಂದು ಅಂತರವನ್ನು ಮರೆತು ಪರನಾಡಿನ ಕೃಷಿವಿದ್ಯೆಯನ್ನು ತಂದರೆ ಏನಾಗುತ್ತದೆಂಬುದನ್ನು ಮುಂದೆ ನೋಡೋಣ.

ಹಿರಿಯರ ಮಳೆಗಾಲ

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ನಮ್ಮ ಹಿರಿಯರಿಗೆ ಅಡುಗೆಯ ಚಿಂತೆ ಆರಂಭವಾಗುತ್ತಿತ್ತು. ಅದಕ್ಕೆ ಅವರು ಬೇಸಗೆಯಲ್ಲಿಯೇ ಸಿದ್ಧತೆ ಮಾಡಿಕೊಂಡಿರುತ್ತಿದ್ದರು. ಬೇಸಗೆಯ ಗದ್ದೆಯಲ್ಲಿ ಬೆಳೆದ ಸೌತೆಕಾಯಿಗಳನ್ನು ಬಾಳೆಯ ನಾರಿನಿಂದ ಒಂದೊಂದಾಗಿ ಕಟ್ಟಿ ಮಾಡಿನ ಜಂತಿಗೆ ತೂಗಹಾಕುತ್ತಿದ್ದರು. ಕುಂಬಳಕಾಯಿಯನ್ನೂ ಹಾಗೆಯೇ ಕಾಪಿಡುತ್ತಿದ್ದರು. ಹಲಸಿನ ಸೊಳೆಯನ್ನೂ ಮಾವಿನಕಾಯಿಯನ್ನೂ ಉಪ್ಪಿನಲ್ಲಿ ಹಾಕಿ ಭರಣಿಗಳಲ್ಲಿ ತುಂಬಿಡುತ್ತಿದ್ದರು. ಹಪ್ಪಳ, ಸಂಡಿಗೆ, ಹಲಸಿನ ಬೀಜ ಇವೂ ಸಂಗ್ರಹದಲ್ಲಿ ಸೇರಿದ್ದುವು. ಆಟಿ ತಿಂಗಳಲ್ಲಿ ತಗತೆ ಸೊಪ್ಪು, ಕೆಸುವಿನೆಲೆಯ ಪತ್ರೊಡೆ, ಕಣಿಲೆ ಇವೇ ಹೊಸ ಹಸುರು. ಇಂದು ಆಟಿಯ ಆಹಾರವನ್ನು ಹಬ್ಬದಂತೆ ಆಚರಿಸುತ್ತೇವೆ. ಅಂದು ಅದು ಅಭಾವದ ಕಾಲದ ಉಪಾಯವಾಗಿತ್ತು.

ಹಾಗೆಂದು ಮಳೆಗಾಲದಲ್ಲಿ ಏನೂ ಬೆಳೆಯುತ್ತಿರಲಿಲ್ಲವೆಂದು ತಿಳಿಯಬಾರದು. ಹೀರೆ, ಪಡುವಲ, ಹಾಗಲ, ಬೆಂಡೆ, ಅಲಸಂಡೆ, ಮುಳ್ಳುಸೌತೆ, ಬಸಳೆ ಇವೆಲ್ಲ ನಮ್ಮ ಮಳೆಗೆ ಒಗ್ಗಿದ ತರಕಾರಿಗಳು. ಇವುಗಳಲ್ಲಿ ಬಳ್ಳಿಗಳಿಗೆ ಚಪ್ಪರ ಹಾಕುವ ಪದ್ಧತಿಯಲ್ಲಿ ಒಂದು ಜಾಣ್ಮೆಯಿದೆ. ಬಳ್ಳಿ ಮೇಲೇರಿದರೆ ಮಳೆಹನಿ ಸಿಡಿಸುವ ಕೆಸರು ಎಲೆಗೂ ಕಾಯಿಗೂ ತಾಗುವುದಿಲ್ಲ; ಗಾಳಿಯಾಡಿ ಎಲೆ ಬೇಗ ಆರುತ್ತದೆ. ಮಳೆಗೆ ಮೊದಲೇ ತೆಂಗಿನ ಗೆರಟೆಯಲ್ಲಿ ಬೀಜ ಹಾಕಿ, ಸೂರಿನ ಒಳಗೆ ಇಟ್ಟು ಮೊಳಕೆ ಬರಿಸಿ, ಬಳಿಕ ಏರಿಯ ಮೇಲೆ ನೆಡುವುದೂ ಇತ್ತು.

ಮಳೆಯಿಂದ ಮರೆ ಮಾಡುವ ಕಲ್ಪನೆಯೂ ನಮಗೆ ಹೊಸದಲ್ಲ. ನಾಟಿಯ ಗದ್ದೆಗೆ ಇಳಿಯುವ ಹೆಂಗಸರು ಬೆನ್ನಿಗೆ ಗೊರಬೆ ಹಾಕಿಕೊಳ್ಳುತ್ತಿದ್ದರು. ಕೈಯೆರಡೂ ಬಿಡುವಾಗಿ, ಮೈಗೆ ಗಾಳಿಯಾಡುತ್ತ, ಬೆನ್ನು ಮಾತ್ರ ನೆನೆಯದಂತೆ ಅದು ಕಾಪಾಡುತ್ತಿತ್ತು. ಘಟ್ಟದ ಮೇಲಣ ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗದಿಂದ ಫಸಲನ್ನು ಉಳಿಸಲು ಅಡಿಕೆಯ ಗೊನೆಗಳಿಗೆ ಹಾಳೆಯ ಕೊಟ್ಟೆಯನ್ನು ಕಟ್ಟುತ್ತಿದ್ದರು. ಮರಕ್ಕೆ ಮಳೆ ಬೇಕು, ಗೊನೆಗೆ ಬೇಡ ಎಂಬ ವಿವೇಕ ಅದರಲ್ಲಿತ್ತು. ಗೊರಬೆಯೂ ಕೊಟ್ಟೆಯೂ ಕಲಿಸುವ ಪಾಠ ಒಂದೇ: ನೀರನ್ನು ತಡೆಯಬೇಕು, ಗಾಳಿಯನ್ನು ತಡೆಯಬಾರದು. ಈ ಪಾಠವನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ.

ಚಳಿನಾಡಿನ ಗಾಜಿನ ಮನೆ

ಇನ್ನು ಪಶ್ಚಿಮದ ಕಡೆಗೆ ನೋಡೋಣ. ಮಾಡಿನ ಕೆಳಗೆ ತರಕಾರಿ ಬೆಳೆದ ಸಂಗತಿ ರೋಮನರ ಕಾಲದಷ್ಟು ಹಳೆಯದು. ಕ್ರಿ. ಶ. ೧೪ರಿಂದ ೩೭ರವರೆಗೆ ಆಳಿದ ಟೈಬೀರಿಯಸ್ ಚಕ್ರವರ್ತಿಗೆ ಸೌತೆಯ ಜಾತಿಯ ಒಂದು ಕಾಯಿಯೆಂದರೆ ಬಹಳ ಪ್ರೀತಿಯಿತ್ತಂತೆ. ಅದು ದಿನವೂ ದೊರೆಯಬೇಕೆಂದು ಅವನ ತೋಟಗಾರರು ಗಾಲಿಗಳ ಮೇಲೆ ಪಾತಿಗಳನ್ನು ಮಾಡಿ, ಬಿಸಿಲಿದ್ದಾಗ ಹೊರಗೆ ದೂಡಿ, ಚಳಿಯ ದಿನಗಳಲ್ಲಿ ಪಾರದರ್ಶಕವಾದ ಕಲ್ಲಿನ ಹಲಗೆಗಳ ಮರೆಗೆ ತರುತ್ತಿದ್ದರೆಂದು ಪ್ಲಿನಿ ಎಂಬ ಲೇಖಕನು ತನ್ನ ಪ್ರಕೃತಿಚರಿತ್ರೆಯಲ್ಲಿ ಬರೆದಿದ್ದಾನೆ. ಹದಿನೈದನೆಯ ಶತಮಾನದ ಕೊರಿಯ ದೇಶದ ಒಂದು ಗ್ರಂಥದಲ್ಲಿಯೂ ನೆಲದಡಿಯಿಂದ ಬಿಸಿಮಾಡಿ, ಎಣ್ಣೆ ಸವರಿದ ಕಾಗದದ ಕಿಟಕಿಗಳನ್ನಿಟ್ಟು ಚಳಿಗಾಲದಲ್ಲಿ ಸೊಪ್ಪುತರಕಾರಿ ಬೆಳೆಯುವ ಮನೆಯ ವಿವರಣೆಯಿದೆ. ರೋಮಿನಲ್ಲಾಗಲಿ ಕೊರಿಯದಲ್ಲಾಗಲಿ ವೈರಿ ಚಳಿಯೇ ಹೊರತು ಮಳೆಯಲ್ಲ.

ಇಂಗ್ಲೆಂಡಿನಲ್ಲಿ ಗಾಜಿನ ಮೇಲೆ ಸುಮಾರು ಒಂದು ಶತಮಾನ ಕಾಲ ಭಾರಿ ತೆರಿಗೆಯಿತ್ತು. ಆದುದರಿಂದ ಗಾಜಿನ ಮನೆ ಶ್ರೀಮಂತರ ಉದ್ಯಾನದ ವೈಭವವಾಗಿಯೇ ಉಳಿದಿತ್ತು. ೧೮೪೫ರಲ್ಲಿ ಆ ತೆರಿಗೆಯನ್ನು ರದ್ದುಪಡಿಸಿದರು. ೧೮೫೧ರ ಲಂಡನ್ನಿನ ಮಹಾಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್ಟನ್ ಕಟ್ಟಿದ ಗಾಜಿನ ಅರಮನೆ ಲೋಕಪ್ರಸಿದ್ಧವಾಯಿತು. ಆ ಶತಮಾನದ ಕೊನೆಯ ಭಾಗದಲ್ಲಿ ವರ್ದಿಂಗ್, ಲೀ ಕಣಿವೆ, ಗರ್ನ್ಸಿ ದ್ವೀಪ ಮುಂತಾದೆಡೆಗಳಲ್ಲಿ ಸಾಲುಸಾಲಾಗಿ ಗಾಜಿನ ಮನೆಗಳೆದ್ದುವು. ದ್ರಾಕ್ಷಿಯೊಡನೆ ಟೊಮೆಟೊ ಅಲ್ಲಿಯ ವ್ಯಾಪಾರದ ಬೆಳೆಯಾಯಿತು. ಹಾಲೆಂಡಿನ ವೆಸ್ಟ್‌ಲಾಂಡ್ ಸೀಮೆಯೂ ಇದೇ ದಾರಿಯಲ್ಲಿ ಮುಂದುವರಿಯಿತು.

ಗಾಜಿನ ಮನೆ ಏಕೆ ಬೆಚ್ಚಗಿರುತ್ತದೆ? ಬಿಸಿಲು ಒಳಬಂದು, ನೆಲದಿಂದ ಹೊಮ್ಮುವ ಶಾಖಕಿರಣಗಳು ಗಾಜನ್ನು ದಾಟಿ ಹೊರಹೋಗಲಾರವು ಎಂದು ಬಹುಕಾಲ ಹೇಳುತ್ತಿದ್ದರು. ೧೯೦೯ರಲ್ಲಿ ಅಮೆರಿಕದ ವಿಜ್ಞಾನಿ ಆರ್. ಡಬ್ಲ್ಯು. ವುಡ್ ಇದನ್ನು ಸರಳವಾದ ಪ್ರಯೋಗದಿಂದ ಪರೀಕ್ಷಿಸಿದನು. ಒಂದು ಪೆಟ್ಟಿಗೆಗೆ ಗಾಜನ್ನೂ, ಇನ್ನೊಂದಕ್ಕೆ ಶಾಖಕಿರಣಗಳನ್ನು ತಡೆಯದ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ ಬಿಸಿಲಿನಲ್ಲಿಟ್ಟನು. ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಿಸಿಯಾದುವು. ಬಿಸಿಯಾದ ಗಾಳಿ ಮೇಲೇರಿ ಹೊರಹೋಗದಂತೆ ಕಟ್ಟಿಹಾಕುವುದೇ ಗಾಜಿನ ಮನೆಯ ಮುಖ್ಯ ಗುಟ್ಟೆಂದು ಇದರಿಂದ ತಿಳಿಯಿತು. ಚಳಿನಾಡಿನವರಿಗೆ ಈ ಗುಣ ವರ. ಬೆವರಿಳಿಯುವ ಕರಾವಳಿಯವರಾದ ನಮಗೆ ಅದೇ ಶಾಪ. ಗೋಡೆಗಳನ್ನು ತೆರೆದಿಟ್ಟು ಮಾಡನ್ನು ಮಾತ್ರ ಉಳಿಸಿದರೆ ಶಾಖ ನಿಲ್ಲುವುದಿಲ್ಲವೆಂಬ ಸೂಚನೆಯೂ ಇದೇ ಪ್ರಯೋಗದಲ್ಲಿ ಅಡಗಿದೆ.

ನೀರೂ ರೋಗವೂ

ಗಾಜಿನ ತೆರಿಗೆ ರದ್ದಾದ ಅದೇ ೧೮೪೫ರಲ್ಲಿ ಮತ್ತೊಂದು ಘಟನೆ ನಡೆಯಿತು. ಐರ್ಲೆಂಡಿನ ಆಲೂಗಡ್ಡೆಯ ಹೊಲಗಳು ಮಳೆಯ ದಿನಗಳಲ್ಲಿ ಕಪ್ಪಾಗಿ ಕೊಳೆತುಹೋದುವು. ಆಲೂಗಡ್ಡೆಯನ್ನೇ ನಂಬಿದ್ದ ಆ ನಾಡಿನಲ್ಲಿ ಮುಂದಿನ ವರ್ಷಗಳ ಕ್ಷಾಮದಿಂದ ಸುಮಾರು ಹತ್ತು ಲಕ್ಷ ಜನ ಸತ್ತರು. ಗಾಳಿ ಕೆಟ್ಟುದರಿಂದ ಹೀಗಾಯಿತೆಂದು ಹಲವರು ಹೇಳುತ್ತಿದ್ದಾಗ, ಒಂದು ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು ೧೮೪೬ರಲ್ಲಿ ಬರ್ಕ್ಲಿ ಎಂಬ ಇಂಗ್ಲಿಷ್ ಪಾದ್ರಿ ವಾದಿಸಿದನು. ೧೮೬೧ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಅದನ್ನು ಪ್ರಯೋಗದಿಂದ ಸಿದ್ಧಪಡಿಸಿದನು. ಆ ಜೀವಿಗೆ ಅವನಿಟ್ಟ ಹೆಸರು ಫೈಟೊಫ್ತೊರ, ಎಂದರೆ ಗಿಡನಾಶಕ.

ಈ ಜಾತಿಯ ಜೀವಿಗಳ ಬೀಜಕಣಗಳು ಎಲೆಯ ಮೇಲಿನ ನೀರಿನ ತೆಳುಪೊರೆಯಲ್ಲಿ ಈಜಿ ಹೋಗಿ ಎಲೆಯೊಳಗೆ ನುಗ್ಗುತ್ತವೆ. ಎಲೆ ಒಣಗಿದ್ದರೆ ಅವಕ್ಕೆ ಚಲಿಸಲು ದಾರಿಯಿಲ್ಲ. ಆಲೂಗಡ್ಡೆಯನ್ನು ನಾಶಮಾಡಿದ ಜೀವಿಯೇ ಅದರ ದಾಯಾದಿಯಾದ ಟೊಮೆಟೊವನ್ನೂ ಕಾಡುತ್ತದೆ. ನಮ್ಮ ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ ಇನ್ನೊಂದು ಜೀವಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡ ದೇಶದ ಲೆಸ್ಲಿ ಕೋಲ್ಮನ್ ೧೯೧೦ರಲ್ಲಿ ಕೊಳೆರೋಗದ ಮೇಲೆ ಪ್ರೌಢವಾದ ಪ್ರಬಂಧವನ್ನು ಪ್ರಕಟಿಸಿದನು. ೧೮೮೫ರ ಸುಮಾರಿಗೆ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಬಳಕೆಗೆ ಬಂದಿದ್ದ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಸಿಂಪಡಿಸುವ ಪದ್ಧತಿ ಅವನ ಪ್ರಯತ್ನದಿಂದ ಹರಡಿತು. ಕೊಟ್ಟೆ ಕ್ರಮೇಣ ಹಿಂದೆ ಸರಿಯಿತು.

ಹೀಗೆ ಮಳೆಯ ರೋಗಕ್ಕೆ ಎರಡು ಉತ್ತರಗಳು ದೊರೆತುವು: ಒಂದು ಸಿಂಪಡಣೆ, ಇನ್ನೊಂದು ಮರೆ. ಮುಗಿಲೆತ್ತರದ ಅಡಿಕೆಮರಕ್ಕೆ ಸಿಂಪಡಣೆಯೇ ಸುಲಭವೆಂಬುದು ನಿಜ. ಆದರೆ ಇಂದು ಸಿಂಪಡಿಸಿ ನಾಳೆ ಕಿತ್ತು ತಿನ್ನುವ ತರಕಾರಿಗೆ ಅದೇ ಮಾತು ಸಲ್ಲದು. ಜಡಿಮಳೆಯಲ್ಲಿ ಸಿಂಪಡಿಸಿದ ಔಷಧ ತೊಳೆದುಹೋಗುತ್ತದೆ; ಮತ್ತೆ ಮತ್ತೆ ಸಿಂಪಡಿಸಬೇಕಾಗುತ್ತದೆ. ವಿಷದ ವಿಷಯವನ್ನು ನಮ್ಮ ಜಿಲ್ಲೆಗೆ ಹೊಸದಾಗಿ ಹೇಳಬೇಕಾಗಿಲ್ಲ. ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ ಆಕಾಶದಿಂದ ಸುರಿದ ಎಂಡೋಸಲ್ಫಾನ್ ೨೦೦೦ದಲ್ಲಿ ನಿಂತಿತು; ೨೦೧೧ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ನಿಷೇಧಿಸಿತು. ಎಣ್ಮಕಜೆ ಮೊದಲಾದ ಗ್ರಾಮಗಳ ಮನೆಗಳಲ್ಲಿ ಅದರ ದುಃಖ ಇಂದಿಗೂ ಮುಗಿದಿಲ್ಲ. ಅದು ಕೀಟನಾಶಕ, ಇದು ಶಿಲೀಂಧ್ರನಾಶಕ. ಎರಡೂ ಒಂದೇ ಅಲ್ಲ. ಆದರೂ ಸಿಂಪಡಿಸದೆ ಬೆಳೆಯುವ ದಾರಿಯೊಂದಿದ್ದರೆ ಅದನ್ನು ಮೊದಲು ಹುಡುಕಬೇಕಾದವರು ನಾವೇ ಅಲ್ಲವೆ?

ಟೊಮೆಟೊ ಎಂಬ ಅತಿಥಿ

ಟೊಮೆಟೊ ನಮ್ಮ ನಾಡಿನ ಗಿಡವಲ್ಲ. ದಕ್ಷಿಣ ಅಮೆರಿಕದ ಪಶ್ಚಿಮ ಭಾಗದಲ್ಲಿ ಅದರ ಕಾಡುಸೋದರರು ಇಂದಿಗೂ ಇವೆ. ಅವುಗಳಲ್ಲಿ ಹಲವು ಪೆರು ದೇಶದ ಒಣ ಕರಾವಳಿಯವು. ಮೆಕ್ಸಿಕೋದ ಜನ ಅದನ್ನು ತೋಟದ ಬೆಳೆಯಾಗಿ ಮಾಡಿದರು. ಟೊಮೆಟೊ ಎಂಬ ಶಬ್ದವೂ ಅಲ್ಲಿಯದೇ. ಹದಿನಾರನೆಯ ಶತಮಾನದಲ್ಲಿ ಅದು ಯೂರೋಪಿಗೆ ಬಂದಿತು. ಗೇರು, ಮೆಣಸಿನಕಾಯಿ, ಪಪ್ಪಾಯಿಗಳಂತೆ ಅದೂ ಹಡಗುಗಳಲ್ಲಿ ನಮ್ಮ ದೇಶಕ್ಕೆ ಬಂದ ಅತಿಥಿ. ನಮ್ಮ ಹಳೆಯ ಅಡುಗೆಯಲ್ಲಿ ಹುಳಿಗೆ ಹುಣಸೆ, ಪುನರ್ಪುಳಿ, ಬಿಂಬುಳಿ, ಅಮಟೆಕಾಯಿ, ಮಾವಿನಕಾಯಿ ಇವೇ ಸಾಕಾಗಿದ್ದುವು. ಸಂಪ್ರದಾಯಸ್ಥ ಮನೆಗಳ ಶ್ರಾದ್ಧದ ಅಡುಗೆಯಲ್ಲಿ ಇಂದಿಗೂ ಟೊಮೆಟೊಗೆ ಪ್ರವೇಶವಿಲ್ಲ. ಆದರೆ ದಿನದ ಸಾರಿಗೆ ಅದಿಲ್ಲದೆ ನಡೆಯದೆಂಬ ಕಾಲ ಬಂದಿದೆ.

ಒಣನಾಡಿನ ಮೂಲದ ಈ ಗಿಡ ನಮ್ಮ ಮಳೆಯಲ್ಲಿ ಸೊರಗುವುದಕ್ಕೆ ಕಾರಣಗಳು ಹಲವು. ಸಸಿಯಾಗಿರುವಾಗಲೇ ಬುಡ ಕೊಳೆತು ಸಾಯುತ್ತದೆ. ಹೂವಿನ ಪರಾಗ ಒದ್ದೆಯಾದರೆ ಉದುರದೆ ಮುದ್ದೆಗಟ್ಟಿ ಕಾಯಿ ಕಟ್ಟುವುದಿಲ್ಲ. ಹಣ್ಣಾಗುವ ಹೊತ್ತಿಗೆ ಬೇರು ಒಮ್ಮೆಲೆ ಹೆಚ್ಚು ನೀರು ಹೀರಿದರೆ ಹಣ್ಣಿನ ಸಿಪ್ಪೆ ಒಡೆಯುತ್ತದೆ. ಕೆಸರು ಸಿಡಿದ ಎಲೆಗಳಲ್ಲಿ ಚುಕ್ಕೆರೋಗ, ನೆಲಕ್ಕೆ ತಾಗಿದ ಹಣ್ಣಿನಲ್ಲಿ ಕೊಳೆ. ಮುರಕಲ್ಲಿನ ಹುಳಿಮಣ್ಣಿನಲ್ಲಿರುವ ಸುಣ್ಣವನ್ನೂ ಹಾಕಿದ ಗೊಬ್ಬರದ ಸಾರವನ್ನೂ ಮಳೆ ಕೊಚ್ಚಿಕೊಂಡು ಹೋಗುತ್ತದೆ. ಇಷ್ಟೆಲ್ಲ ಉಪದ್ರವಗಳಲ್ಲಿ ಬಹುಪಾಲಿಗೆ ಮೂಲ ಮೇಲಿನಿಂದ ಬೀಳುವ ನೀರು.

ಪ್ಲಾಸ್ಟಿಕ್ಕಿನ ಕಾಲ

ಗಾಜು ದುಬಾರಿ, ಭಾರ, ಒಡೆಯುವಂತಹುದು. ಅದು ಇದ್ದಷ್ಟು ಕಾಲ ಬಡ ಒಕ್ಕಲಿಗನಿಗೆ ಮಾಡಿನ ಬೇಸಾಯ ಕನಸಾಗಿತ್ತು. ೧೯೩೩ರಲ್ಲಿ ಇಂಗ್ಲೆಂಡಿನ ಒಂದು ರಾಸಾಯನಿಕ ಪ್ರಯೋಗಶಾಲೆಯಲ್ಲಿ ಪಾಲಿಥೀನ್ ಆಕಸ್ಮಿಕವಾಗಿ ದೊರೆಯಿತು. ೧೯೪೮ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಮ್ಮರ್ಟ್ ಗಾಜಿನ ಮನೆ ಕಟ್ಟಿಸಲು ಹಣ ಸಾಲದೆ, ಮರದ ಚೌಕಟ್ಟಿಗೆ ಸೆಲೊಫೇನ್ ಹಾಳೆಯನ್ನು ಹೊದೆಸಿ ಸಸಿಗಳನ್ನು ಬೆಳೆದನು. ಬಳಿಕ ಪಾಲಿಥೀನಿಗೆ ತಿರುಗಿದನು. ಪ್ಲಾಸ್ಟಿಕ್ ಹಸುರುಮನೆಯ ಜನಕನೆಂದು ಆತನನ್ನು ಕರೆಯುತ್ತಾರೆ. ಬಡತನದ ಉಪಾಯವೇ ಲೋಕಕ್ಕೆ ದಾರಿಯಾದುದು ಗಮನಿಸತಕ್ಕ ವಿಷಯ.

ಆದರೆ ಎಮ್ಮರ್ಟನ ಮನೆಯೂ ಚಳಿಗಾಗಿಯೇ. ಮಾಡನ್ನು ಕೊಡೆಯಾಗಿ ಕಂಡವರು ಪೂರ್ವ ಏಷ್ಯದ ರೈತರು. ಜಪಾನಿನಲ್ಲಿ ಟೊಮೆಟೊ ಬೆಳೆಯುವ ಬೇಸಗೆಯ ಆರಂಭದಲ್ಲಿಯೇ ಮಳೆಗಾಲ ಬರುತ್ತದೆ. ಅಲ್ಲಿಯ ಗುಡ್ಡಗಾಡಿನ ರೈತರು ಸಾಲಿನ ಮೇಲೆ ಹಾಳೆಯ ಮಾಡನ್ನು ಮಾತ್ರ ಹೊದೆಸಿ ಬದಿಗಳನ್ನು ತೆರೆದಿಟ್ಟರು. ಈ ಪದ್ಧತಿಗೆ ಅವರು ಹೇಳುವ ಅಮೆಯೊಕೆ ಎಂಬ ಮಾತಿನ ಅರ್ಥ ಮಳೆತಡೆ ಎಂದೇ. ತೈವಾನಿನ ಶಾನ್ಹುವದಲ್ಲಿ ೧೯೭೧ರಲ್ಲಿ ಸ್ಥಾಪಿತವಾದ ಏಷ್ಯದ ತರಕಾರಿ ಸಂಶೋಧನ ಕೇಂದ್ರವು ಬಿಸಿಯೂ ಒದ್ದೆಯೂ ಆದ ಹವೆಯಲ್ಲಿ ಟೊಮೆಟೊ ಬೆಳೆಯುವುದನ್ನೇ ಮುಖ್ಯ ವಿಷಯಗಳಲ್ಲಿ ಒಂದಾಗಿ ಎತ್ತಿಕೊಂಡಿತು. ಎತ್ತರದ ಏರಿ, ಮೇಲೆ ಹಾಳೆಯ ಮಾಡು, ಬದನೆಯ ಬೇರಿನ ಮೇಲೆ ಟೊಮೆಟೊದ ಕಸಿ — ಈ ಮೂರನ್ನು ಅಲ್ಲಿಯವರು ಜೊತೆಗೂಡಿಸಿದರು. ನೀರು ನಿಂತರೆ ಟೊಮೆಟೊದ ಬೇರು ಬೇಗ ಸಾಯುತ್ತದೆ. ಬದನೆಯ ಬೇರು ಹೆಚ್ಚು ತಾಳಿಕೊಳ್ಳುತ್ತದೆ.

ನಮ್ಮಲ್ಲಿಗೆ ಬಂದ ಬಗೆ

ಕಾಸರಗೋಡಿನಲ್ಲಿ ತೆಂಗಿನ ಸಂಶೋಧನ ಕೇಂದ್ರ ಆರಂಭವಾದುದು ೧೯೧೬ರಲ್ಲಿ, ಈ ತಾಲೂಕು ಮದರಾಸಿನ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ. ೧೯೫೬ರಲ್ಲಿ ನಾಡುಗಳ ಪುನರ್ವಿಂಗಡಣೆಯಾಗಿ ನಾವು ಕೇರಳಕ್ಕೆ ಸೇರಿದ ವರ್ಷದಲ್ಲಿಯೇ ವಿಟ್ಲದಲ್ಲಿ ಅಡಿಕೆಯ ಸಂಶೋಧನ ಕೇಂದ್ರ ತೆರೆಯಿತು. ತೋಟದ ಬೆಳೆಗೆ ದೊರೆತ ಗಮನ ಅಡುಗೆಮನೆಯ ಬೆಳೆಗೆ ದೊರೆಯಲು ತಡವಾಯಿತು. ೧೯೮೧ರಲ್ಲಿ ಕೃಷಿಯಲ್ಲಿ ಪ್ಲಾಸ್ಟಿಕ್ ಬಳಕೆಯ ವಿಷಯವಾಗಿ ಭಾರತ ಸರ್ಕಾರವು ರಾಷ್ಟ್ರೀಯ ಸಮಿತಿಯೊಂದನ್ನು ನೇಮಿಸಿತು. ೨೦೦೫ರಲ್ಲಿ ಆರಂಭವಾದ ರಾಷ್ಟ್ರೀಯ ತೋಟಗಾರಿಕಾ ಮಿಷನ್ನಿನಿಂದ ಹಸುರುಮನೆಗಳಿಗೆ ಸಹಾಯಧನ ದೊರೆಯತೊಡಗಿತು.

೨೦೧೦ರ ಬಳಿಕದ ವರ್ಷಗಳಲ್ಲಿ ಕೇರಳದಲ್ಲಿ ಅನೇಕರು ಪಾಲಿಹೌಸ್ ಕಟ್ಟಿದರು. ಕಬ್ಬಿಣದ ಕಮಾನು, ಮೇಲೆ ಹಾಳೆ, ನಾಲ್ಕು ಸುತ್ತಲೂ ಬಲೆ. ನೋಟಕ್ಕೆ ಭವ್ಯ. ಆದರೆ ಮಳೆ ಹೊಳವಾದ ದಿನ ಒಳಗೆ ನಿಲ್ಲಲಾರದ ಸೆಕೆ. ಟೊಮೆಟೊ ರಾತ್ರಿಯ ತಂಪನ್ನು ಬಯಸುವ ಗಿಡ. ಸೆಕೆಗೆ ಹೂ ಉದುರಿತು. ಬಲೆಯೊಳಗೆ ಜೇನುನೊಣ ಬಾರದೆ, ಪರಾಗಸ್ಪರ್ಶ ಬೇಕಾದ ಬಳ್ಳಿಗಳಲ್ಲಿ ಕಾಯಿ ನಿಲ್ಲಲಿಲ್ಲ. ಒಂದೇ ಮಣ್ಣಿನಲ್ಲಿ ಮತ್ತೆ ಮತ್ತೆ ಬೆಳೆದುದರಿಂದ ಬೇರಿಗೆ ಗಂಟುಹುಳು ಹತ್ತಿತು. ಅವುಗಳಲ್ಲಿ ಹಲವು ಬಳಿಕ ಬರಿದಾದುವು. ತಪ್ಪು ರೈತನದೂ ಅಲ್ಲ, ಹಾಳೆಯದೂ ಅಲ್ಲ. ಚಳಿನಾಡಿನ ಬೆಚ್ಚನೆಯ ಮನೆಯನ್ನು ಬಿಸಿನಾಡಿಗೆ ತಂದುದೇ ತಪ್ಪು. ನಮಗೆ ಬೇಕಾದುದು ಕೊಡೆ. ಕೈಗೆ ಬಂದುದು ಒಲೆ.

ಇದಕ್ಕೆ ಬದಲಾಗಿ ಕೃಷಿ ಭವನಗಳ ಮೂಲಕ ಪ್ರಚಾರಕ್ಕೆ ಬಂದ ಸರಳವಾದ ರಚನೆಯನ್ನು ಮಲೆಯಾಳದಲ್ಲಿ ಮೞಮಱ ಎನ್ನುತ್ತಾರೆ. ಈ ಶಬ್ದವನ್ನು ಕೇಳಿ ನಮ್ಮ ಮಕ್ಕಳು ಅದನ್ನು ಪರಭಾಷೆಯದೆಂದು ತಿಳಿಯುವುದುಂಟು. ಆದರೆ ಹಳಗನ್ನಡದಲ್ಲಿ ಮಳೆಗೆ ಮೞೆ ಎಂದೂ ಮರೆಗೆ ಮಱೆ ಎಂದೂ ಬರೆಯುತ್ತಿದ್ದರು. ಮೞಮಱ, ಮಳೆಮರೆ ಎರಡೂ ಒಂದೇ ತಾಯಿಯ ಮಕ್ಕಳು. ಹೆಸರು ಇಲ್ಲದ ವಸ್ತು ಮನೆಗೆ ಸೇರುವುದಿಲ್ಲ. ಆದುದರಿಂದ ಈ ವಿದ್ಯೆಯನ್ನು ನಾವು ಮಳೆಮರೆಯೆಂದೇ ಕರೆಯುವುದು ಉಚಿತ.

ಮಳೆಮರೆಯ ರಚನೆ ಹೀಗೆ: ಕಬ್ಬಿಣದ ಕೊಳವೆ, ಬಿದಿರು ಅಥವಾ ಅಡಿಕೆಮರದ ಸಲಾಕೆಗಳ ಚೌಕಟ್ಟು, ನೀರು ನಿಲ್ಲದೆ ಜಾರಿಹೋಗುವಂತೆ ಎರಡು ಕಡೆಗೂ ಇಳಿಜಾರಾದ ಮಾಡು, ಬಿಸಿಲಿನ ಕಿರಣಕ್ಕೆ ಬೇಗ ಹಾಳಾಗದಂತೆ ಸಂಸ್ಕರಿಸಿದ ೨೦೦ ಮೈಕ್ರಾನ್ ದಪ್ಪದ ಹಾಳೆ, ನಾಲ್ಕೂ ಬದಿ ಬಯಲು. ೧೦೦ ಚದರ ಮೀಟರ್, ಎಂದರೆ ಸುಮಾರು ಎರಡೂವರೆ ಸೆಂಟ್ಸ್ ಜಾಗ ಒಂದು ಮನೆಯ ಬಳಕೆಗೆ ಧಾರಾಳ. ಇಲ್ಲಿ ಒಂದು ಲೆಕ್ಕವನ್ನು ಮರೆಯಬಾರದು. ೩,೫೦೦ ಮಿಲಿಮೀಟರ್ ಮಳೆ ೧೦೦ ಚದರ ಮೀಟರ್ ಮಾಡಿನ ಮೇಲೆ ಬಿದ್ದರೆ ಅದು ಮೂರೂವರೆ ಲಕ್ಷ ಲೀಟರ್ ನೀರು. ಅದನ್ನು ದೂರ ಸಾಗಿಸಲು ಸುತ್ತಲೂ ಆಳವಾದ ಕಣಿ ತೋಡದಿದ್ದರೆ, ಮೇಲಿನಿಂದ ತಡೆದ ನೀರು ಬದಿಯಿಂದ ಬೇರಿಗೆ ಬರುತ್ತದೆ. ಮಾಡಿನಷ್ಟೇ ಮುಖ್ಯ ಕಣಿ.

ಮಾಡಿನ ಕೆಳಗಣ ಕಷ್ಟಗಳು

ಮಳೆಮರೆ ಕಟ್ಟಿದೊಡನೆ ಎಲ್ಲವೂ ಸರಿಯಾಯಿತೆಂದು ಹೇಳಿದರೆ ಅದು ಸತ್ಯವಾಗದು. ನಮ್ಮ ಮಣ್ಣಿನಲ್ಲಿ ಬದನೆ, ಟೊಮೆಟೊ, ಮೆಣಸಿನ ಗಿಡಗಳು ಹಸುರಾಗಿದ್ದಂತೆಯೇ ಒಂದೆರಡು ದಿನಗಳಲ್ಲಿ ಬಾಡಿ ಸಾಯುವ ಸೊರಗುರೋಗವಿದೆ. ಅದು ಮಣ್ಣಿನಲ್ಲಿರುವ ಬ್ಯಾಕ್ಟೀರಿಯದಿಂದ ಬರುವಂತಹುದು; ಮಾಡು ಅದನ್ನು ತಡೆಯಲಾರದು. ಅದಕ್ಕೆ ತಾಳಿಕೆಯ ತಳಿಗಳೇ ಮದ್ದು. ೧೯೭೧ರಲ್ಲಿ ಸ್ಥಾಪಿತವಾದ ಕೇರಳ ಕೃಷಿ ವಿಶ್ವವಿದ್ಯಾಲಯವು ಹೊರತಂದ ಶಕ್ತಿ, ಮುಕ್ತಿ, ಅನಘ ಎಂಬ ಟೊಮೆಟೊ ತಳಿಗಳೂ, ಬೆಂಗಳೂರಿನ ಸಮೀಪದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯೂ ಇಂತಹವು. ಕಾಡುಸುಂಡೆಯ ಬೇರಿನ ಮೇಲೆ ಕಸಿ ಕಟ್ಟುವುದು ಇನ್ನೊಂದು ಮಾರ್ಗ. ಬೇಲಿಯ ಬದಿಯಲ್ಲಿ ಕಳೆಯೆಂದು ಕಡಿದೊಗೆಯುವ ಗಿಡ ಹೀಗೆ ಉಪಕಾರಕ್ಕೆ ಬರುತ್ತದೆ.

ಮಾಡಿನ ಕೆಳಗೆ ಮಳೆ ಬೀಳದ ಕಾರಣ ಆಟಿಯ ಜಡಿಮಳೆಯಲ್ಲಿಯೂ ಗಿಡಕ್ಕೆ ನೀರೆರೆಯಬೇಕು. ಮಳೆ ತೊಳೆಯದ ಎಲೆಯ ಮೇಲೆ ಬಿಳಿನೊಣವೂ ನುಸಿಯೂ ಹೆಚ್ಚುತ್ತವೆ. ಎಲೆಯ ಕೆಳಮೈಯನ್ನು ಆಗಿಂದಾಗ್ಗೆ ತಿರುವಿ ನೋಡಬೇಕು. ಮೋಡದ ದಿನಗಳಲ್ಲಿ ಬೆಳಕೇ ಕಡಮೆ. ಹಾಳೆಯ ಮೇಲೆ ಪಾಚಿಯೂ ಕಸವೂ ಕೂತರೆ ಇನ್ನೂ ಕಡಮೆ. ಗಾಳಿಗೆ ಹಾಳೆ ಹಾರದಂತೆ ಬಿಗಿಯಬೇಕು. ಮೂರು ನಾಲ್ಕು ವರ್ಷಗಳಲ್ಲಿ ಹಾಳೆ ಸವೆದಾಗ ಅದನ್ನು ತೋಟದ ಮೂಲೆಯಲ್ಲಿ ಎಸೆಯದೆ, ಸುಡದೆ, ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಹಾಳೆಯ ಕೊಟ್ಟೆ ಮಣ್ಣಾಗುತ್ತಿತ್ತು. ಪ್ಲಾಸ್ಟಿಕ್ಕಿನ ಹಾಳೆ ಮಣ್ಣಾಗುವುದಿಲ್ಲ. ಹೊಸ ವಿದ್ಯೆಯ ಈ ಋಣವನ್ನು ಮುಚ್ಚಿಡಬಾರದು.

ಹೀರೆ, ಪಡುವಲ, ಬಸಳೆಗಳಿಗೆ ಮಳೆಮರೆಯ ಅವಶ್ಯಕತೆಯಿಲ್ಲ. ಅವು ಚಪ್ಪರದ ಮೇಲೆಯೇ ಸುಖವಾಗಿವೆ. ಮರೆ ಬೇಕಾದುದು ಟೊಮೆಟೊ, ಮೆಣಸಿನಕಾಯಿ, ಹರಿವೆ, ಕೊತ್ತಂಬರಿಯಂತಹವುಗಳಿಗೆ, ಮತ್ತು ಎಲ್ಲ ಬಗೆಯ ಎಳೆಸಸಿಗಳಿಗೆ. ಅಡಿಕೆ ಒಣಗಿಸಲು ಅಂಗಳಕ್ಕೆ ಹಾಳೆಯ ಮಾಡು ಹಾಕಿಸಿಕೊಂಡ ಮನೆಗಳು ನಮ್ಮಲ್ಲಿ ಅನೇಕ. ಅಡಿಕೆ ಕೊಯ್ಲಿಗೆ ಮೊದಲಿನ ಮಳೆಗಾಲದ ತಿಂಗಳುಗಳಲ್ಲಿ ಆ ಅಂಗಳ ಬರಿದಾಗಿರುತ್ತದೆ. ಬದಿಗಳನ್ನು ತೆರೆದು ಗೋಣಿಗಳಲ್ಲಿ ಮಣ್ಣು ತುಂಬಿ ಸಾಲಾಗಿ ಇಟ್ಟರೆ ಹೊಸ ಖರ್ಚಿಲ್ಲದೆ ಮಳೆಮರೆ ಸಿದ್ಧವಾಗುತ್ತದೆ.

ಗಡಿಯೂ ತರಕಾರಿಯ ಬುಟ್ಟಿಯೂ

ಇಷ್ಟು ಸಣ್ಣ ವಿಷಯವನ್ನು ಇಷ್ಟು ವಿಸ್ತಾರವಾಗಿ ಬರೆಯುವ ಅಗತ್ಯವೇನೆಂದು ಯಾರಾದರೂ ಕೇಳಬಹುದು. ನಮ್ಮ ಪೇಟೆಗಳಿಗೆ ತರಕಾರಿ ಘಟ್ಟದ ಮೇಲಿನಿಂದ ಲಾರಿಗಳಲ್ಲಿ ಬರುತ್ತದೆ. ೨೦೨೦ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ಭೀತಿಯಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾರದೆ ರೋಗಿಗಳು ಪಟ್ಟ ಪಾಡನ್ನು ನಾವು ಯಾರೂ ಮರೆತಿಲ್ಲ. ಅದರ ಮುಂದೆ ತರಕಾರಿಯ ಅಭಾವ ಅಲ್ಪವೇ ಸರಿ. ಆದರೂ ನಮ್ಮ ಊಟದ ಎಲೆ ಎಷ್ಟು ದೂರದ ದಾರಿಯನ್ನು ನಂಬಿದೆಯೆಂಬುದು ಅಂದು ತಿಳಿಯಿತು. ೨೦೨೩ರ ಜುಲೈಯಲ್ಲಿ ಟೊಮೆಟೊದ ಬೆಲೆ ಕಿಲೋಗೆ ನೂರು ರೂಪಾಯಿಗಳನ್ನು ದಾಟಿದಾಗ ಇನ್ನೊಮ್ಮೆ ತಿಳಿಯಿತು. ಗಡಿಯಲ್ಲಿರುವವರಿಗೆ ಎರಡು ಕಡೆಯ ನೆಂಟಸ್ತಿಕೆಯೂ ಬೇಕು. ಎರಡು ಕಡೆಯ ಬಾಗಿಲೂ ಮುಚ್ಚಿದ ದಿನಕ್ಕೆ ಮನೆಯ ಹಿತ್ತಿಲೂ ಬೇಕು.

ಇನ್ನೊಂದು ಮಾತು ಭಾಷೆಗೆ ಸಂಬಂಧಿಸಿದುದು. ಕೃಷಿಯ ಹೊಸ ತಿಳಿವಳಿಕೆ ನಮ್ಮ ಊರುಗಳಿಗೆ ಬರುವುದು ಹೆಚ್ಚಾಗಿ ಮಲೆಯಾಳದ ಕರಪತ್ರಗಳಲ್ಲಿ. ಅದನ್ನು ಓದಬಲ್ಲವರು ಓದಲಿ, ಅದು ನಮಗೆ ಲಾಭವೇ. ಆದರೆ ಮನೆಯ ಹಿತ್ತಿಲನ್ನು ನೋಡಿಕೊಳ್ಳುವ ನಮ್ಮ ತಾಯಂದಿರಲ್ಲಿ ಅನೇಕರು ಕನ್ನಡವನ್ನಷ್ಟೇ ಓದಬಲ್ಲವರು. ಭಾಷೆಯನ್ನು ಉಳಿಸುವುದೆಂದರೆ ಕಾವ್ಯವನ್ನು ಓದುವುದು, ನಾಟಕವನ್ನಾಡುವುದು ಇಷ್ಟೇ ಅಲ್ಲ. ಬದುಕಿಗೆ ಬೇಕಾದ ಹೊಸ ವಿದ್ಯೆಯನ್ನು ಆ ಭಾಷೆಯಲ್ಲಿ ಹೇಳುವುದೂ ಹೌದು. ಬದಿಯಡ್ಕದ ಸಮೀಪದ ಪೆರಡಾಲದಲ್ಲಿ ಬೇಸಾಯವನ್ನೂ ಕಾವ್ಯವನ್ನೂ ಒಟ್ಟಿಗೆ ನಡೆಸಿ, ಗಡಿನಾಡಿನ ಕನ್ನಡಕ್ಕಾಗಿ ಶತಮಾನದ ಬಾಳನ್ನೇ ಸವೆಸಿದ ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟರು. ಅವರಲ್ಲಿ ಗುದ್ದಲಿಗೂ ಲೇಖನಿಗೂ ಜಗಳವಿರಲಿಲ್ಲ.

ಸಂಘದ ವಾರ್ಷಿಕೋತ್ಸವದ ಈ ಶುಭಸಂದರ್ಭದಲ್ಲಿ ಒಂದು ಸೂಚನೆಯನ್ನು ಮಾಡಿ ವಿರಮಿಸುತ್ತೇನೆ. ನಮ್ಮ ಕನ್ನಡ ಮಾಧ್ಯಮದ ಪ್ರತಿಯೊಂದು ಶಾಲೆಯ ಹಿತ್ತಿಲಿನಲ್ಲಿ ಒಂದೊಂದು ಸಣ್ಣ ಮಳೆಮರೆ ಏಳಲಿ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗಲೇ ಮಳೆಯೂ ಬರುತ್ತದೆ. ಮಕ್ಕಳು ಅಂದು ಬೀಜ ಹಾಕಿದರೆ ಓಣಂ ರಜೆಗೆ ಮೊದಲು ಕಾಯಿಯನ್ನು ಕಾಣಬಹುದು. ಎಲೆ ಏಕೆ ಒಣಗಿರಬೇಕು, ಕಣಿ ಏಕೆ ಆಳವಾಗಿರಬೇಕು, ಬದಿ ಏಕೆ ತೆರೆದಿರಬೇಕು ಎಂಬುದನ್ನು ಅವರು ಕನ್ನಡದಲ್ಲಿಯೇ ಕೇಳಿ ಕನ್ನಡದಲ್ಲಿಯೇ ಬರೆದಿಡಲಿ. ಗೊರಬೆ ಹೊತ್ತು ಗದ್ದೆಗಿಳಿದ ಅಜ್ಜಿಯಂದಿರ ಮೊಮ್ಮಕ್ಕಳಿಗೆ ಈ ಪಾಠ ಕಷ್ಟವಾಗಲಾರದು.